ರಿಕ್ಷಾ ಬಂತು, ಕೂಲಿ ಹೋಯಿತು

ಕಳೆದ ತಿಂಗಳು ಒಂದು ಭಾನುವಾರ ಸಂಜೆ ನಮ್ಮ ವಾಚನಾಲಯದಲ್ಲಿ ಸಣ್ಣದೊಂದು ಚರ್ಚೆ ಎದ್ದಿತು. ಪತ್ರಿಕೆ ಓದುತ್ತಿದ್ದ ಹಿರಿಯರೊಬ್ಬರು, ‘ರಿಕ್ಷಾ’ ಎಂಬುದು ಸಂಸ್ಕೃತದ ಮಾತೇ ಆಗಿರಬೇಕು, ಇಲ್ಲವಾದರೆ ಅದರಲ್ಲಿ ಕ್ಷಕಾರ ಎಲ್ಲಿಂದ ಬಂತು, ರಕ್ಷೆ, ಭಿಕ್ಷೆ, ಪರೀಕ್ಷೆ ಇದ್ದಹಾಗೆ ಇದೂ ಒಂದು ಎಂದರು. ಎದುರಿಗೆ ಕುಳಿತಿದ್ದ ಕಾರ್ಖಾನೆಯ ತರುಣರೊಬ್ಬರು, ‘ಇಲ್ಲ ರಾಯರೇ, ಅದು ಶುದ್ಧ ಇಂಗ್ಲಿಷು. ಬಸ್ಸು, ಕಾರು, ಲಾರಿಗಳ ಜೊತೆಯಲ್ಲೇ ಬಂದದ್ದು’ ಎಂದರು. ಮೂಲೆಯಲ್ಲಿದ್ದ ಮೂರನೆಯವರು, ‘ಎಲ್ಲಿಂದ ಬಂದರೇನು ಸ್ವಾಮಿ, ಕೇಳುವ ಬಾಡಿಗೆ ಮಾತ್ರ ಕಡಿಮೆಯಾಗುವುದಿಲ್ಲವಲ್ಲ’ ಎಂದು ಎಲ್ಲರನ್ನೂ ನಗಿಸಿದರು. ಚರ್ಚೆ ಅಲ್ಲಿಗೆ ಮುಗಿಯಿತು.

ಚರ್ಚೆ ಮುಗಿದರೂ ಪ್ರಶ್ನೆ ಉಳಿಯಿತು. ಇಬ್ಬರ ಮಾತೂ ಸರಿಯಲ್ಲ ಎಂಬುದನ್ನು ವಿನಯದಿಂದಲೇ ಹೇಳಬೇಕಾಗಿದೆ. ರಿಕ್ಷಾ ಎಂಬುದು ಸಂಸ್ಕೃತದ್ದಲ್ಲ. ಇಂಗ್ಲಿಷಿನ ಮೂಲಕ ನಮಗೆ ಬಂದಿದ್ದರೂ ಇಂಗ್ಲಿಷಿನದೂ ಅಲ್ಲ. ಅದು ಜಪಾನಿನ ಮಾತು. ಅಷ್ಟೇ ಆಗಿದ್ದರೆ ಎರಡು ಸಾಲಿನಲ್ಲಿ ಬರೆದು ಮುಗಿಸಬಹುದಾಗಿತ್ತು. ಆದರೆ ಈ ಮಾತು ಜಪಾನಿನಿಂದ ಹೊರಟು, ಇಂಗ್ಲಿಷಿನಲ್ಲಿ ಅರ್ಧ ಕತ್ತರಿಸಿಕೊಂಡು, ನಮ್ಮಲ್ಲಿಗೆ ಬಂದು, ಈಗ ಮತ್ತೆ ಪರದೇಶಿಯ ವೇಷದಲ್ಲಿ ಜಪಾನಿಗೇ ಹಿಂದಿರುಗಿದೆ. ಅದೇ ದಾರಿಯಲ್ಲಿ ನಮ್ಮ ಕಡೆಯಿಂದ ಇನ್ನೊಂದು ಮಾತು ಜಪಾನಿಗೆ ಹೋಗಿದೆ. ಆ ಮಾತು ‘ಕೂಲಿ’. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಪಟ್ಟಣಕ್ಕೆ ಬಂದಿರುವ ನಮಗೆ ಈ ಎರಡೂ ದೂರದ ಮಾತುಗಳಲ್ಲ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಮೊದಲು ಒಂದು ಸಂಗತಿಯನ್ನು ತಿಳಿಯಾಗಿಸಿಕೊಳ್ಳೋಣ. ಮಾತನ್ನು ಎರವಲು ತರುವುದು ಅವಮಾನವೇನೂ ಅಲ್ಲ. ದಿನ ಬೆಳಗಾದರೆ ನಾವು ಆಡುವ ಮಾತುಗಳನ್ನೇ ನೋಡಿ. ‘ಗುಮಾಸ್ತ’ ಪಾರಸಿಯಿಂದ ಬಂದದ್ದು. ನೇಮಿಸಲ್ಪಟ್ಟವನು ಎಂದು ಅದರ ಅರ್ಥ. ‘ಮೇಸ್ತ್ರಿ’ ಪೋರ್ಚುಗೀಸರದು, ಯಜಮಾನ, ಗುರು, ಕೆಲಸ ಬಲ್ಲವನು ಎಂದು ಅರ್ಥ. ಮಂಗಳೂರು, ಕಾರವಾರ, ಹುಬ್ಬಳ್ಳಿಯ ಕಡೆಯವರು ‘ಪಗಾರ’ ಎನ್ನುತ್ತಾರಲ್ಲ, ಅದೂ ಪೋರ್ಚುಗೀಸರದೇ. ದುಡ್ಡು ಕೊಡುವುದು ಎಂಬ ಅರ್ಥದ ಮಾತಿನಿಂದ ಹುಟ್ಟಿದ್ದು. ಮೈಸೂರಿನ ಕಡೆಯವರು ‘ಸಂಬಳ’ ಎನ್ನುತ್ತಾರೆ. ಅದು ಸಂಸ್ಕೃತದ ‘ಶಂಬಲ’. ದಾರಿಯ ಬುತ್ತಿ ಎಂದು ಅರ್ಥ. ಊರು ಬಿಟ್ಟು ದುಡಿಯುವವನ ತಿಂಗಳ ಹಣಕ್ಕೆ ದಾರಿಯ ಬುತ್ತಿ ಎನ್ನುವುದಕ್ಕಿಂತ ಒಪ್ಪುವ ಹೆಸರು ಉಂಟೆ? ಹೀಗೆ ಮಾತಿನ ಮೂಲವನ್ನು ಹುಡುಕುತ್ತ ಹೋದರೆ ಅದರೊಳಗೆ ಮನುಷ್ಯರ ಚರಿತ್ರೆ ಸಿಕ್ಕುತ್ತದೆ. ರಿಕ್ಷಾದ ಒಳಗೂ ಅಂಥದೊಂದು ಚರಿತ್ರೆ ಕುಳಿತಿದೆ.

ಜಪಾನಿನಲ್ಲಿ 1868ರಲ್ಲಿ ಆಡಳಿತ ಬದಲಾಯಿತು. ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂದಿತು. ಎದೋ ಎಂಬ ರಾಜಧಾನಿಗೆ ಟೋಕಿಯೋ ಎಂಬ ಹೊಸ ಹೆಸರಾಯಿತು. ಅಲ್ಲಿಯವರೆಗೆ ಅನುಕೂಲವಂತರು ಪೇಟೆಯಲ್ಲಿ ಓಡಾಡುತ್ತಿದ್ದುದು ನಮ್ಮ ಪಲ್ಲಕ್ಕಿ, ಡೋಲಿಗಳಂತೆ ಹೆಗಲ ಮೇಲೆ ಹೊರುವ ‘ಕಾಗೊ’ ಎಂಬ ಸಾಧನದಲ್ಲಿ. ಅದಕ್ಕೆ ಇಬ್ಬರಾದರೂ ಬೇಕು. 1869ರ ಸುಮಾರಿಗೆ ಟೋಕಿಯೋದ ಇಜುಮಿ ಯೋಸುಕೆ, ಸುಜುಕಿ ತೊಕುಜಿರೊ, ತಕಯಾಮಾ ಕೊಸುಕೆ ಎಂಬ ಮೂವರು ಸೇರಿ, ಪರದೇಶೀಯರ ಕುದುರೆ ಗಾಡಿಗಳನ್ನು ನೋಡಿ, ಕುದುರೆಯ ಬದಲು ಒಬ್ಬ ಮನುಷ್ಯನೇ ಎಳೆಯಬಹುದಾದ ಎರಡು ಗಾಲಿಯ ಹಗುರವಾದ ಗಾಡಿಯೊಂದನ್ನು ಮಾಡಿದರು. 1870ರಲ್ಲಿ ಸರ್ಕಾರದ ಪರವಾನಗಿಯೂ ಸಿಕ್ಕಿತು. ಯೊಕೊಹಾಮಾದಲ್ಲಿದ್ದ ಅಮೆರಿಕದ ಪಾದ್ರಿಯೊಬ್ಬರು ಇದನ್ನು ಮೊದಲು ಮಾಡಿಸಿದರು ಎಂಬ ವಾದವೂ ಇದೆ. ಅಂತೂ ಗಾಡಿ ಬಹು ಬೇಗ ಹರಡಿತು. 1872ರ ಹೊತ್ತಿಗೆ ಟೋಕಿಯೋ ಒಂದರಲ್ಲಿಯೇ ಸುಮಾರು 40,000 ಗಾಡಿಗಳು ಓಡುತ್ತಿದ್ದವು ಎಂದು ಲೆಕ್ಕ ಹೇಳುತ್ತಾರೆ. ಹೆಗಲ ಪಲ್ಲಕ್ಕಿ ಮೂಲೆಗೆ ಸೇರಿತು.

ಈ ಗಾಡಿಗೆ ಜಪಾನೀಯರು ಇಟ್ಟ ಹೆಸರು ‘ಜಿನ್‌ರಿಕಿಶಾ’. ಇದನ್ನು ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ. ಆ ಅಕ್ಷರಗಳು ಮೂಲತಃ ಚೀನಾದವು. ಒಂದೊಂದು ಅಕ್ಷರವೂ ಒಂದೊಂದು ಅರ್ಥವುಳ್ಳ ಚಿತ್ರ. ‘ಜಿನ್’ ಎಂದರೆ ಮನುಷ್ಯ. ಆ ಅಕ್ಷರಕ್ಕೆ ಎರಡೇ ಗೆರೆ. ಕಾಲು ಅಗಲಿಸಿ ನಡೆಯುತ್ತಿರುವ ಆಳಿನಂತೆ ಕಾಣುತ್ತದೆ. ‘ರಿಕಿ’ ಎಂದರೆ ಬಲ. ‘ಶಾ’ ಎಂದರೆ ಗಾಡಿ. ಎರಡು ಗಾಲಿಯ ಬಂಡಿಯನ್ನು ಮೇಲಿನಿಂದ ನೋಡಿದಂತೆ ಅದರ ಆಕಾರ. ಮೂರೂ ಸೇರಿದರೆ ‘ಮನುಷ್ಯ ಬಲದ ಗಾಡಿ’. ಹೆಸರಿನಲ್ಲಿ ಮುಚ್ಚುಮರೆ ಇಲ್ಲ. ಗಾಡಿಯ ಮುಂದೆ ಯಾರು ಇದ್ದಾರೆ, ಯಾರ ಬಲದಿಂದ ಅದು ಓಡುತ್ತಿದೆ ಎಂಬುದನ್ನು ಹೆಸರೇ ಹೇಳುತ್ತದೆ. ಓಡುವವನು ಗಾಡಿಯ ಮುಂದೆ ಇರುವಂತೆಯೇ ‘ಮನುಷ್ಯ’ ಎಂಬ ಅಕ್ಷರವೂ ಹೆಸರಿನ ಮುಂದೆ ಇದೆ.

ಇನ್ನು ಇಂಗ್ಲಿಷಿನವರ ಕೈಯಲ್ಲಿ ಈ ಹೆಸರಿಗೆ ಏನಾಯಿತು ನೋಡೋಣ. ಮೊದಮೊದಲು ಜಪಾನಿಗೆ ಹೋದ ಪ್ರವಾಸಿಗಳು ಹೆಸರನ್ನು ಪೂರ್ತಿಯಾಗಿ ಜಿನ್‌ರಿಕಿಶಾ ಎಂದೇ ಬರೆದರು. ಆದರೆ ಗಾಡಿ ಷಾಂಘೈ, ಸಿಂಗಪುರ, ಹಾಂಗ್‌ಕಾಂಗ್ ಬಂದರುಗಳಿಗೆ ಹರಡಿ, ದಿನಕ್ಕೆ ಹತ್ತು ಸಲ ಕೂಗಿ ಕರೆಯುವ ಹೆಸರಾದ ಮೇಲೆ, ಅಷ್ಟು ಉದ್ದದ ಮಾತಿಗೆ ಯಾರಿಗೂ ಸಹನೆ ಇರಲಿಲ್ಲ. ಮೊದಲಿನ ‘ಜಿನ್’ ಬಿದ್ದುಹೋಯಿತು. ‘ರಿಕಿ’ಯ ಕೊನೆಯ ಸ್ವರವೂ ಸವೆಯಿತು. ಉಳಿದದ್ದು ರಿಕ್‌ಶಾ. 1880ರ ಸುಮಾರಿಗೆ ಗಾಡಿ ನಮ್ಮ ದೇಶದ ಸಿಮ್ಲಾ ಬೆಟ್ಟಕ್ಕೆ ಬಂದು, ಅಲ್ಲಿ ಬೇಸಗೆ ಕಳೆಯುವ ದೊರೆಗಳ ವಾಹನವಾಯಿತು. ಕಿಪ್ಲಿಂಗ್ ಎಂಬ ಆಂಗ್ಲ ಲೇಖಕನು ಸಿಮ್ಲಾದ ರಿಕ್ಷಾವೊಂದರ ಮೇಲೆ ದೆವ್ವದ ಕಥೆ ಬರೆದನು. ಅದು 1885ರಲ್ಲಿ ಅಚ್ಚಾಯಿತು. ಆ ಕಥೆಯ ಹೆಸರಿನಲ್ಲಿ ರಿಕ್ಷಾ ಎಂಬ ಮಾತಿನ ಹಿಂದೆ ಒಂದು ಸಣ್ಣ ಕೊಕ್ಕೆಯಂಥ ಗುರುತು ಇದೆ. ಮಾತಿನ ಒಂದು ಭಾಗ ಬಿಟ್ಟುಹೋಗಿದೆ ಎಂದು ತೋರಿಸುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆ ಗುರುತು ಹಾಕುವುದು ಪದ್ಧತಿ. ಬಿಟ್ಟುಹೋದದ್ದು ಯಾವುದು? ‘ಜಿನ್’. ಎಂದರೆ, ಮನುಷ್ಯ. ಮನುಷ್ಯನಿದ್ದ ಜಾಗದಲ್ಲಿ ಒಂದು ಕೊಕ್ಕೆ ಉಳಿಯಿತು. ಕಾಲ ಕಳೆದಂತೆ ಆ ಕೊಕ್ಕೆಯೂ ಹೋಯಿತು. ಈಗ ಇಂಗ್ಲಿಷಿನಲ್ಲಿ ಬರೆಯುವವರು ಯಾರೂ ಅದನ್ನು ಹಾಕುವುದಿಲ್ಲ.

ಇದನ್ನು ಯಾರೂ ಬೇಕೆಂದು ಮಾಡಲಿಲ್ಲ. ನಾಲಗೆ ಸುಲಭವಾದ ದಾರಿ ಹಿಡಿಯಿತು, ಅಷ್ಟೇ. ಆದರೂ ಆ ಗಾಡಿಯ ಕಥೆಯನ್ನು ಓದಿದವರಿಗೆ, ಬಿದ್ದುಹೋದ ಅಕ್ಷರವು ಆಕಸ್ಮಿಕವೆಂದು ತೋರುವುದಿಲ್ಲ.

ಕಲ್ಕತ್ತೆಯಲ್ಲಿ ಸರಕು ಸಾಗಿಸಲು ಚೀನೀ ವರ್ತಕರು ರಿಕ್ಷಾ ತಂದರು. 1914ರಲ್ಲಿ ಜನರನ್ನು ಕೂರಿಸಿಕೊಂಡು ಹೋಗಲು ಅಲ್ಲಿ ಅಪ್ಪಣೆಯಾಯಿತು. ಮದರಾಸಿಗೂ ಕೈರಿಕ್ಷಾ ಬಂದಿತು. ಜಟಕಾ ಗಾಡಿಯಲ್ಲಿ ಕುದುರೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಮನುಷ್ಯನು ಮಾಡಿದನು. ಎಲ್ಲ ಊರುಗಳಲ್ಲಿಯೂ ಎಳೆಯುವವರು ಹೆಚ್ಚಾಗಿ ಹಳ್ಳಿಗಳಿಂದ ಬಂದವರು. ಮಳೆ ಹೋಯಿತು, ಸಾಲ ಏರಿತು, ಜಮೀನು ಹೋಯಿತು ಎಂದು ಪಟ್ಟಣಕ್ಕೆ ಬಂದವನ ಹತ್ತಿರ ಬಂಡವಾಳವೆಂದರೆ ಎರಡು ಕಾಲು ಮಾತ್ರ. ಗಾಡಿ ಹೆಚ್ಚಾಗಿ ಅವನದಾಗಿರುತ್ತಿರಲಿಲ್ಲ. ಮಾಲೀಕನಿಗೆ ದಿನಬಾಡಿಗೆ ಕಟ್ಟಿ, ಮಿಕ್ಕದ್ದರಲ್ಲಿ ತಾನು ಉಂಡು, ಊರಿಗೂ ಕಳುಹಿಸಬೇಕು. ಜ್ವರ ಬಂದು ಮಲಗಿದ ದಿನ ದುಡಿಮೆ ಇಲ್ಲ. ಬಿಸಿಲಿಗೆ ಕಾದ ರಸ್ತೆಯ ಮೇಲೆ ಬರಿಗಾಲು.

ಆ ಬಾಳನ್ನು ಕಂಡು ಬರೆದವರು, ಚಿತ್ರ ತೆಗೆದವರು ಬೇರೆ ಬೇರೆ ದೇಶಗಳಲ್ಲಿ ಇದ್ದಾರೆ. ಚೀನಾದ ಲಾವೋ ಶ ಎಂಬ ಲೇಖಕರು 1936ರಿಂದ 1937ರವರೆಗೆ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಕಾದಂಬರಿಯೊಂದನ್ನು ಬರೆದರು. ಅದರ ನಾಯಕ ಹಳ್ಳಿಯಿಂದ ಪೀಕಿಂಗಿಗೆ ಬಂದ ರಿಕ್ಷಾ ಎಳೆಯುವ ತರುಣ. ಸ್ವಂತದ್ದೊಂದು ರಿಕ್ಷಾ ಬೇಕೆಂಬುದೊಂದೇ ಅವನ ಆಸೆ. ಹೊಟ್ಟೆ ಕಟ್ಟಿ ಕೂಡಿಸಿ ಕೊಳ್ಳುತ್ತಾನೆ, ಸಿಪಾಯಿಗಳು ಕಿತ್ತುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 1953ರಲ್ಲಿ ಬಿಮಲ್ ರಾಯ್ ಅವರು ‘ದೋ ಬೀಘಾ ಜಮೀನ್’ ಎಂಬ ಹಿಂದಿ ಚಿತ್ರ ತೆಗೆದರು. ಎರಡು ಬಿಘಾ ಹೊಲವನ್ನು ಉಳಿಸಿಕೊಳ್ಳಲು ಕಲ್ಕತ್ತೆಗೆ ಬಂದು ರಿಕ್ಷಾ ಎಳೆಯುವ ರೈತನಾಗಿ ಬಲರಾಜ್ ಸಾಹನಿ ನಟಿಸಿದರು. ಜಪಾನಿನಲ್ಲಿ ಇನಗಾಕಿ ಎಂಬ ನಿರ್ದೇಶಕರು ರಿಕ್ಷಾದವನೊಬ್ಬನ ಬಾಳನ್ನು ಕುರಿತು ತೆಗೆದ ಚಿತ್ರಕ್ಕೆ 1958ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ಅತ್ಯುಚ್ಚ ಬಹುಮಾನ ಬಂದಿತು. ಮದರಾಸಿನಲ್ಲಿ 1971ರಲ್ಲಿ ಎಂ.ಜಿ. ರಾಮಚಂದ್ರನ್ ಅವರು ‘ರಿಕ್ಷಾಕಾರನ್’ ಚಿತ್ರದಲ್ಲಿ ರಿಕ್ಷಾದವರಾಗಿ ಕಾಣಿಸಿಕೊಂಡು ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ನಾವು ಊರಿನ ರೈಲು ಹತ್ತುವ ಸೆಂಟ್ರಲ್ ನಿಲ್ದಾಣಕ್ಕೆ 2019ರಿಂದ ಅವರದೇ ಹೆಸರು.

ಚಿತ್ರದಲ್ಲಿ ಕಂಡದ್ದು ಕಾನೂನಿನಲ್ಲಿಯೂ ಬಂದಿತು. 1973ರಲ್ಲಿ ಮುಖ್ಯಮಂತ್ರಿ ಎಂ. ಕರುಣಾನಿಧಿಯವರ ಸರ್ಕಾರವು ತಮಿಳುನಾಡಿನಲ್ಲಿ ಕೈರಿಕ್ಷಾವನ್ನು ತೆಗೆದುಹಾಕಿತು. ಎಳೆಯುತ್ತಿದ್ದವರ ಕೈಗೆ ಬದಲಾಗಿ ಸೈಕಲ್ ರಿಕ್ಷಾ ಕೊಟ್ಟಿತು. ಈ ಎರಡನೆಯ ಕೆಲಸವನ್ನು ಗಮನಿಸಬೇಕು. ಬರಿಯ ನಿಷೇಧವೆಂದರೆ ಎಳೆಯುವವನಿಗೆ ಉಪವಾಸ. ಕಲ್ಕತ್ತೆಯಲ್ಲಿ 2006ರಲ್ಲಿ ಕೈರಿಕ್ಷಾ ನಿಲ್ಲಿಸುವ ಮಸೂದೆ ಬಂದಾಗ, ಬದಲಿ ದುಡಿಮೆ ಏನು ಎಂದು ಎಳೆಯುವವರೇ ಕೇಳಿದರು. ಅಲ್ಲಿ ಆ ಗಾಡಿಗಳು ಪೂರ್ತಿಯಾಗಿ ನಿಲ್ಲಲಿಲ್ಲ. ಮುಂಬಯಿಯ ಬಳಿಯ ಮಾಥೇರಾನ್ ಗಿರಿಧಾಮದಲ್ಲಿಯೂ ಕೈರಿಕ್ಷಾ ಉಳಿದಿತ್ತು. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂವಿಧಾನ ಬಂದು ಇಷ್ಟು ವರ್ಷವಾದ ಮೇಲೂ ಮನುಷ್ಯನು ಮನುಷ್ಯನನ್ನು ಎಳೆಯುವುದು ಸಲ್ಲದು, ಆರು ತಿಂಗಳೊಳಗೆ ಅದು ನಿಲ್ಲಬೇಕು, ಎಳೆಯುವವರಿಗೆ ವಿದ್ಯುತ್ ರಿಕ್ಷಾದ ವ್ಯವಸ್ಥೆ ಆಗಬೇಕು ಎಂದು ಆಜ್ಞೆ ಮಾಡಿತು. ಮದರಾಸಿನಲ್ಲಿ ಅದಕ್ಕಿಂತ ಐವತ್ತೆರಡು ವರ್ಷ ಮೊದಲೇ ಈ ಕೆಲಸ ನಡೆದಿತ್ತು ಎಂಬುದು ಈ ಊರಿನ ಅನ್ನ ಉಣ್ಣುವ ನಮಗೂ ಅಭಿಮಾನದ ಸಂಗತಿ.

ಹೀಗೆ ಎಳೆಯುವ ಮನುಷ್ಯನು ಗಾಡಿಯ ಮುಂದಿನಿಂದ ಬಿಡುಗಡೆಯಾದನು. ‘ಮನುಷ್ಯ’ನಿಲ್ಲದ ಹೆಸರು ಮಾತ್ರ ನಮ್ಮಲ್ಲಿ ನಿಂತಿತು. ಇನ್ನು ಆ ಹೆಸರು ತವರಿಗೆ ಹೋದ ಕಥೆ.

ಜಪಾನಿನಲ್ಲಿ ರೈಲು, ಟ್ರಾಮು, ಮೋಟಾರುಗಳು ಬಂದ ಮೇಲೆ ಜಿನ್‌ರಿಕಿಶಾ ತಾನಾಗಿಯೇ ಹಿಂದೆ ಸರಿಯಿತು. ಈಗ ಟೋಕಿಯೋದ ಅಸಾಕುಸಾ, ಕಿಯೋಟೋದ ಅರಶಿಯಾಮಾ ಮುಂತಾದ ಕಡೆ ಯಾತ್ರಿಕರ ವಿನೋದಕ್ಕೆ ಮಾತ್ರ ಉಂಟು. ಆದರೆ ಭಾರತಕ್ಕೆ, ಬಾಂಗ್ಲಾದೇಶಕ್ಕೆ ಬರುವ ಜಪಾನೀ ಪ್ರವಾಸಿಗಳು ಇಲ್ಲಿ ಸೈಕಲ್ ರಿಕ್ಷಾ, ಆಟೋರಿಕ್ಷಾಗಳನ್ನು ಕಂಡು, ಅವುಗಳಿಗೆ ತಮ್ಮ ಜಿನ್‌ರಿಕಿಶಾ ಎಂಬ ಹೆಸರನ್ನು ಹೇಳುವುದಿಲ್ಲ. ‘ರಿಕುಶಾ’ ಎನ್ನುತ್ತಾರೆ, ಕೆಲವರು ‘ರಿಕಿಶಾ’ ಎನ್ನುವುದೂ ಉಂಟು. ಇಂಗ್ಲಿಷಿನಿಂದಲೂ ನಮ್ಮಿಂದಲೂ ಕೇಳಿ ಕಲಿತ ಮಾತು ಅದು. ಬರೆಯುವಾಗಲೂ ಚೀನಾದ ಆ ಮೂರು ಅಕ್ಷರಗಳನ್ನು ಬಳಸುವುದಿಲ್ಲ. ಪರದೇಶದ ಮಾತುಗಳನ್ನು ಬರೆಯುವುದಕ್ಕೆಂದು ಜಪಾನಿನಲ್ಲಿ ‘ಕತಕನ’ ಎಂಬ ಬೇರೊಂದು ಅಕ್ಷರಮಾಲೆಯೇ ಇದೆ, ಅದರಲ್ಲಿ ಬರೆಯುತ್ತಾರೆ. ಮನೆಯ ಮಗನೇ ಬಹುಕಾಲದ ಮೇಲೆ ಹಿಂದಿರುಗಿ ಬಂದಾಗ ಗುರುತು ಹತ್ತದೆ, ‘ಯಾರು ಬೇಕಾಗಿತ್ತು?’ ಎಂದು ಜಗಲಿಯಲ್ಲಿ ಕೂರಿಸಿದ ಹಾಗಾಯಿತು.

ರಿಕಿ ಹೋಗಿ ರಿಕು ಏಕಾಯಿತು ಎಂದು ವಾಚಕರು ಕೇಳಬಹುದು. ಇಲ್ಲಿ ನಮ್ಮ ಕನ್ನಡಕ್ಕೂ ಜಪಾನಿಗೂ ಒಂದು ಹೋಲಿಕೆ ಇದೆ. ಅನುಸ್ವಾರದಂಥ ನಕಾರವೊಂದನ್ನು ಬಿಟ್ಟರೆ, ಜಪಾನಿಯಲ್ಲಿ ಎರಡು ಬೇರೆ ಬೇರೆ ವ್ಯಂಜನಗಳು ಒತ್ತಕ್ಷರವಾಗಿ ಸೇರಿ ನಿಲ್ಲುವುದು ಅಪರೂಪ. ಅಂಥ ಪರದೇಶಿ ಮಾತು ಬಂದರೆ ನಡುವೆ ಒಂದು ಸ್ವರವನ್ನು ಸೇರಿಸಿ ಬಿಡಿಸಿಕೊಳ್ಳುತ್ತಾರೆ. ಸಾಧಾರಣವಾಗಿ ಸೇರಿಸುವುದು ಉಕಾರವನ್ನೇ. ಆದ್ದರಿಂದ ರಿಕ್‌ಶಾ ಎಂಬುದು ರಿಕುಶಾ ಆಯಿತು. ಇಂಗ್ಲಿಷಿನವರು ಕಳೆದುಹಾಕಿದ ಇಕಾರವನ್ನು ಜಪಾನೀಯರು ಉಕಾರದಿಂದ ತುಂಬಿದರು. ಮಾತಿನ ಕೊನೆಯಲ್ಲಿಯೂ ಹಾಗೆಯೇ. ಇಂಗ್ಲಿಷಿನ ಬಸ್ ಎಂಬ ಮಾತು ಜಪಾನಿನಲ್ಲಿ ‘ಬಸು’, ನಮ್ಮಲ್ಲಿ ‘ಬಸ್ಸು’. ಅಲ್ಲಿ ಕೋಣೆಗೆ ‘ರೂಮು’, ನಮ್ಮಲ್ಲಿಯೂ ‘ರೂಮು’. ಸಾವಿರಾರು ಮೈಲಿ ದೂರದ, ಬಂಧುತ್ವವಿಲ್ಲದ ಎರಡು ಭಾಷೆಗಳು ಪರದೇಶಿ ಮಾತಿಗೆ ಒಂದೇ ಬಗೆಯ ಉಪಚಾರ ಮಾಡುತ್ತವೆ. ಬರಿಗಾಲಿನಲ್ಲಿ ಬಂದ ಅತಿಥಿಗೆ ಒಂದು ಉಕಾರದ ಪಾದರಕ್ಷೆ ಕೊಡುತ್ತವೆ! ಇಂಗ್ಲಿಷು ಸರಿಯಾಗಿ ಬಾರದು ಎಂದು ಕಚೇರಿಯಲ್ಲಿ ನಗೆಗೀಡಾದವರು ಯಾರಾದರೂ ನಮ್ಮಲ್ಲಿದ್ದರೆ ಈ ಸಂಗತಿಯಿಂದ ಸಮಾಧಾನ ಪಡೆಯಬಹುದು. ಹಾಗೆ ಉಕಾರ ಸೇರಿಸುವುದು ತಪ್ಪಲ್ಲ. ಒಂದು ಭಾಷೆ ಇನ್ನೊಂದರ ಮಾತನ್ನು ಒಳಗೆ ಕರೆದುಕೊಳ್ಳುವ ರೀತಿಯೇ ಅದು.

ರಿಕ್ಷಾ ಜಪಾನಿನಿಂದ ಇಲ್ಲಿಗೆ ಬಂದ ಮಾತು. ಇಲ್ಲಿಂದ ಅಲ್ಲಿಗೆ ಹೋದದ್ದು ಯಾವುದು? ರಿಕ್ಷಾದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಓದಿದರೆ, ಎಳೆಯುವವನ ಹೆಸರಾಗಿ ಒಂದೇ ಮಾತು ಮೇಲಿಂದ ಮೇಲೆ ಬರುತ್ತದೆ. ಷಾಂಘೈಯಲ್ಲಿ, ಸಿಂಗಪುರದಲ್ಲಿ, ಸಿಮ್ಲಾದಲ್ಲಿ ಅವನು ‘ರಿಕ್ಷಾ ಕೂಲಿ’. ಆ ಮಾತು ನಮ್ಮದು.

ಕನ್ನಡದಲ್ಲಿಯೂ ತಮಿಳು, ತೆಲುಗು, ಮಲೆಯಾಳಗಳಲ್ಲಿಯೂ ‘ಕೂಲಿ’ ಎಂದರೆ ದುಡಿಮೆಗೆ ಕೊಡುವ ಹಣ. ‘ಈ ದಿನದ ಕೂಲಿ ಎಷ್ಟು?’ ಎಂದು ಕೇಳುತ್ತೇವೆ. ದುಡಿದವನು ಕೂಲಿಯಲ್ಲ, ಅವನು ಕೂಲಿಗಾರ, ಕೂಲಿಯಾಳು, ಕೂಲಿಯವನು. ಇಂಗ್ಲಿಷಿನ ‘ಕೂಲಿ’ ಎಂಬ ಮಾತು ಗುಜರಾತಿನ ಕೋಳಿ ಎಂಬ ಜನಾಂಗದ ಹೆಸರಿನಿಂದ ಬಂದಿತು ಎಂಬ ಅಭಿಪ್ರಾಯವೂ ವಿದ್ವಾಂಸರಲ್ಲಿ ಇದೆ. ಮದರಾಸ್ ಸಿವಿಲ್ ಸರ್ವಿಸಿಗೆ ಸೇರಿ ತಂಜಾವೂರಿನಲ್ಲಿ ನ್ಯಾಯಾಧೀಶರಾಗಿದ್ದ ಬರ್ನೆಲ್ ಎಂಬವರೂ ಯೂಲ್ ಎಂಬವರೂ ಸೇರಿ ಮಾಡಿ 1886ರಲ್ಲಿ ಅಚ್ಚಾದ ಪ್ರಸಿದ್ಧ ಕೋಶವು ಎರಡು ಮೂಲಗಳನ್ನೂ ವಿಚಾರಿಸಿದೆ. ಎರಡು ಹೊಳೆಗಳು ಸೇರಿ ಒಂದಾದಂತೆ ಎರಡು ಮಾತುಗಳೂ ಬೆರೆತಿರಬಹುದು. ಆದರೆ ದಕ್ಷಿಣದ ಬಂದರುಗಳಲ್ಲಿ ಪೋರ್ಚುಗೀಸರೂ ಇಂಗ್ಲಿಷರೂ ದಿನವೂ ಕೇಳುತ್ತಿದ್ದುದು ನಮ್ಮ ಈ ಕೂಲಿಯನ್ನೇ. ಸರಕು ಇಳಿಸಿದವನು ಕೈಚಾಚಿ ‘ಕೂಲಿ’ ಎಂದು ಕೇಳಿದನು; ಕೊಡುವವನು ಅದನ್ನು ಅವನ ಹೆಸರೆಂದೇ ಹಿಡಿದನು. ಹೀಗೆಯೇ ನಡೆಯಿತೆಂದು ನಾವು ಹೇಳುವುದಿಲ್ಲ; ಆದರೆ ಇಂಗ್ಲಿಷಿನಲ್ಲಿ ಹಣದ ಹೆಸರು ಮನುಷ್ಯನ ಹೆಸರಾದ ಬಗೆ ಇಂಥದು.

1833ರಲ್ಲಿ ಇಂಗ್ಲಿಷರು ತಮ್ಮ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಶಾಸನ ಮಾಡಿದರು. ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಿಸಿ ಭಾರತದಿಂದ ಜನರನ್ನು ಹಡಗು ಹತ್ತಿಸುವ ಪದ್ಧತಿ ಬೆಳೆಯಿತು. ಮಾರಿಷಸ್, ನೆಟಾಲ್, ಫಿಜಿ ಮುಂತಾದ ಕಡೆಗಳಿಗೆ ಹೋದ ಹಡಗುಗಳಲ್ಲಿ ಅನೇಕವು ಹೊರಟದ್ದು ನಮ್ಮ ಈ ಮದರಾಸಿನ ತೀರದಿಂದಲೇ. ‘ಟ್ರೂರೋ’ ಎಂಬ ಹಡಗು ಇಲ್ಲಿಂದ ಮುನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೊರಟು, 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಡರ್ಬನ್ ಬಂದರನ್ನು ಮುಟ್ಟಿತು; ಆ ದೇಶಕ್ಕೆ ಹೀಗೆ ಹೋದವರಲ್ಲಿ ಅವರೇ ಮೊದಲಿಗರು. ಅಲ್ಲಿ ಭಾರತೀಯರಿಗೆಲ್ಲ ಸಾರಾಸಗಟಾಗಿ ಕೂಲಿ ಎಂಬುದೇ ಹೆಸರಾಯಿತು, ಬೈಗುಳವೂ ಆಯಿತು. 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿಯವರನ್ನು ‘ಕೂಲಿ ಬ್ಯಾರಿಸ್ಟರ್’ ಎನ್ನುತ್ತಿದ್ದರು ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ವಿಲಾಯಿತಿಯಲ್ಲಿ ಓದಿದ ಬ್ಯಾರಿಸ್ಟರೂ ಆ ಹೆಸರಿನಿಂದ ತಪ್ಪಿಸಿಕೊಳ್ಳಲಿಲ್ಲ. ಹೀಗೆ ಆಳುಗಳನ್ನು ಒಪ್ಪಂದದ ಮೇಲೆ ಕಳುಹಿಸುವುದು ನಿಂತದ್ದು 1917ರಲ್ಲಿ.

ಇದೇ ಮಾತು ಇಂಗ್ಲಿಷರ ಹಡಗಿನಲ್ಲಿ ಚೀನಾಕ್ಕೂ ಹೋಯಿತು. ಚೀನಾದ ಬರಹದಲ್ಲಿ ಅಕ್ಷರಕ್ಕೆ ಅರ್ಥವಿರುವುದರಿಂದ, ಪರದೇಶದ ಮಾತನ್ನು ಬರೆಯುವಾಗ ಉಚ್ಚಾರಣೆ ಹೊಂದುವ ಅಕ್ಷರಗಳನ್ನು ಆರಿಸಿಕೊಳ್ಳುತ್ತಾರೆ. ಸಾಧ್ಯವಾದರೆ ಅರ್ಥವೂ ಹೊಂದಬೇಕು. ಕೂಲಿಗೆ ಅವರು ಎರಡು ಅಕ್ಷರಗಳನ್ನು ಆರಿಸಿದರು. ‘ಕು’ ಎಂದರೆ ಕಹಿ, ಕಷ್ಟ. ‘ಲಿ’ ಎಂದರೆ ಬಲ. ಎರಡೂ ಸೇರಿದರೆ ‘ಕಹಿಯಾದ ಬಲ’. ಮೂಲದಲ್ಲಿ ಇಲ್ಲದ ಅರ್ಥವನ್ನು ಹೀಗೆ ತುಂಬಿದರೂ, ಅದಕ್ಕಿಂತ ನಿಜವಾದ ಅರ್ಥವನ್ನು ಕೊಡುವುದು ಕಷ್ಟ. ಇನ್ನೊಂದು ವಿಚಿತ್ರವನ್ನು ನೋಡಿ: ಚೀನಾದವರು ‘ಲಿ’ ಎಂದು ಓದುವ ಬಲದ ಆ ಅಕ್ಷರವೇ ಜಪಾನಿನವರ ‘ರಿಕಿ’. ಎಂದರೆ ಜಿನ್‌ರಿಕಿಶಾದ ನಡುವೆ ಇರುವ ಅಕ್ಷರವೂ ಕೂಲಿಯ ಕೊನೆಯಲ್ಲಿರುವ ಅಕ್ಷರವೂ ಒಂದೇ. ಗಾಡಿಯನ್ನು ಓಡಿಸಿದ ಬಲ ಯಾವುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಜಪಾನೀಯರು ಆ ಎರಡು ಅಕ್ಷರಗಳನ್ನು ಹಾಗೆಯೇ ತೆಗೆದುಕೊಂಡು, ಉಚ್ಚಾರಣೆಯನ್ನು ಮಾತ್ರ ಇಂಗ್ಲಿಷಿನಿಂದ ತಂದು, ‘ಕೂರೀ’ ಎಂದರು. ಅವರಲ್ಲಿ ಲಕಾರವಿಲ್ಲ, ನಮ್ಮ ಲಕಾರ ಅಲ್ಲಿ ರಕಾರವಾಗುತ್ತದೆ. ಇಂಗ್ಲಿಷಿನಿಂದ ಜಪಾನಿಗೆ ಹೋದ ಎರವಲು ಮಾತುಗಳಲ್ಲಿ ಕೂರೀ ಒಂದು. ಅದರ ಮೂಲ ನಮ್ಮ ಗದ್ದೆಯ ಬದುವಿನಲ್ಲಿದೆ. ಈಗ ಅದು ಹೀನಾಯದ ಮಾತೆಂದು ಅಲ್ಲಿ ಆಡುವುದಿಲ್ಲ; ಚರಿತ್ರೆಯ ಪುಸ್ತಕಗಳಲ್ಲಿ ಉಳಿದಿದೆ.

ಆ ಚರಿತ್ರೆಯ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. 1872ರ ಬೇಸಗೆಯಲ್ಲಿ, ಟೋಕಿಯೋ ರಿಕ್ಷಾಗಳಿಂದ ತುಂಬಿದ್ದ ಆ ವರ್ಷವೇ, ‘ಮರಿಯಾ ಲೂಜ್’ ಎಂಬ ಹಡಗು ಮಕಾವೋ ಬಂದರಿನಿಂದ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋಗುತ್ತ, ಬಿರುಗಾಳಿಗೆ ಸಿಕ್ಕಿ, ದುರಸ್ತಿಗಾಗಿ ಯೊಕೊಹಾಮಾದಲ್ಲಿ ನಿಂತಿತು. ಅದರೊಳಗೆ ಇನ್ನೂರಕ್ಕೂ ಮಿಕ್ಕಿ ಚೀನೀ ಕೂಲಿಗಾರರಿದ್ದರು. ಅವರಲ್ಲೊಬ್ಬನು ಸಮುದ್ರಕ್ಕೆ ಹಾರಿ, ಹತ್ತಿರದಲ್ಲಿದ್ದ ಬ್ರಿಟಿಷ್ ಯುದ್ಧನೌಕೆಗೆ ಈಜಿ, ಹಡಗಿನಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ಹೇಳಿಕೊಂಡನು. ಜಪಾನಿನ ಅಧಿಕಾರಿಗಳು ವಿಚಾರಣೆ ಮಾಡಿ ಎಲ್ಲರನ್ನೂ ಬಿಡಿಸಿ ಊರಿಗೆ ಕಳುಹಿಸಿದರು. ಪೆರು ಸರ್ಕಾರ ತಕರಾರು ಮಾಡಿತು. ಮಧ್ಯಸ್ಥನಾದ ರಷ್ಯದ ಚಕ್ರವರ್ತಿಯು 1875ರಲ್ಲಿ ಜಪಾನಿನ ಪರವಾಗಿ ತೀರ್ಪು ಕೊಟ್ಟನು. ನೀರಿಗೆ ಹಾರಿದ ಒಬ್ಬ ಮನುಷ್ಯನಿಂದ ಇಷ್ಟೆಲ್ಲ ನಡೆಯಿತು. ಹಡಗಿನ ಲೆಕ್ಕದಲ್ಲಿ ಅವನು ಕೂಲಿ. ನ್ಯಾಯಾಲಯದ ಎದುರಿಗೆ ಬಂದಾಗ ಮನುಷ್ಯ.

ಈಗ ಎರಡು ಮಾತುಗಳನ್ನೂ ಪಕ್ಕದಲ್ಲಿಟ್ಟು ನೋಡೋಣ. ಜಪಾನಿನಿಂದ ಹೊರಟಾಗ ರಿಕ್ಷಾದಲ್ಲಿ ಮನುಷ್ಯನಿದ್ದನು. ದಾರಿಯಲ್ಲಿ ಅವನನ್ನು ಇಳಿಸಿಬಿಟ್ಟರು. ನಮ್ಮಲ್ಲಿಂದ ಹೊರಟಾಗ ಕೂಲಿ ಎಂದರೆ ಹಣವಾಗಿತ್ತು. ದಾರಿಯಲ್ಲಿ ಅದನ್ನು ಮನುಷ್ಯನ ಮೇಲೆ ಹೊರಿಸಿಬಿಟ್ಟರು. ಒಂದರಲ್ಲಿ ಮನುಷ್ಯ ಕಾಣೆಯಾದನು, ಇನ್ನೊಂದರಲ್ಲಿ ದುಡ್ಡೇ ಮನುಷ್ಯನಾಯಿತು. ಎರಡೂ ನಡೆದದ್ದು, ಕೂಗಿ ಕರೆಯುವವನಿಗೆ ಕರೆಸಿಕೊಳ್ಳುವವನ ಮುಖ ನೋಡಲು ಪುರಸೊತ್ತಿಲ್ಲದ ಕಡೆಯಲ್ಲಿ.

ಇದೆಲ್ಲ ದೊರೆಗಳ ಕಾಲದ ತಪ್ಪು, ನಮಗೇಕೆ ಎನ್ನುವ ಹಾಗಿಲ್ಲ. ಇಂಗ್ಲಿಷಿಗೆ ಹೋದ ಕೂಲಿ ಅಲ್ಲಿನ ಅರ್ಥವನ್ನು ಕಟ್ಟಿಕೊಂಡು ನಮಗೇ ಹಿಂದಿರುಗಿದೆ. ರೈಲು ಇಳಿದ ಕೂಡಲೇ ‘ಏ ಕೂಲಿ’ ಎಂದು ಕೂಗುವವರಲ್ಲಿ ನಮ್ಮವರೂ ಉಂಟು. 2016ರ ರೈಲ್ವೆ ಬಡ್ಜೆಟ್ಟಿನಲ್ಲಿ, ಇನ್ನು ಮುಂದೆ ನಿಲ್ದಾಣದ ಹೊರೆಯವರನ್ನು ‘ಸಹಾಯಕ’ ಎಂದು ಕರೆಯಬೇಕೆಂದು ಮಂತ್ರಿಗಳು ಸಾರಿದರು. ಹೆಸರು ಬದಲಾದರೆ ಹೊರೆ ಹಗುರವಾಗುವುದಿಲ್ಲ ಎಂಬುದು ನಿಜ. ಆದರೂ ಹೆಸರಿಗೆ ಬೆಲೆಯೇ ಇಲ್ಲ ಎಂದು ಹೆಸರಿಲ್ಲದೆ ಕರೆಸಿಕೊಂಡವರು ಯಾರೂ ಹೇಳಲಾರರು.

ಆಟೋ ಎಂಬ ಮಾತನ್ನೇ ನೋಡಿ. ಮೋಟಾರು ಇಟ್ಟ ಮೂರು ಗಾಲಿಯ ಗಾಡಿಗೆ ಆಟೋರಿಕ್ಷಾ ಎಂದು ಹೆಸರಾಯಿತು. ‘ಆಟೋ’ ಎಂಬುದು ಗ್ರೀಕರದು. ‘ತಾನೇ’ ಎಂದು ಅರ್ಥ. ಕ್ರಮೇಣ ರಿಕ್ಷಾ ಎಂಬುದೂ ಬಿದ್ದುಹೋಗಿ ಬರಿಯ ಆಟೋ ಉಳಿಯಿತು. ಮೊದಲು ಮನುಷ್ಯ ಹೋದನು, ಆಮೇಲೆ ಬಲ ಹೋಯಿತು, ಕೊನೆಗೆ ಗಾಡಿಯೂ ಹೋಯಿತು. ತಾನಾಗಿಯೇ ಓಡುತ್ತದೆಯೇನೋ ಎಂಬಂಥ ಹೆಸರು. ಆದರೆ ತಾನಾಗಿಯೇ ಓಡುವ ಆಟೋ ಎಲ್ಲಿದೆ? ಬೀದಿಯಲ್ಲಿ ‘ಆಟೋ!’ ಎಂದು ಕೂಗಿದರೆ ತಿರುಗಿ ನೋಡುವುದು ಗಾಡಿಯಲ್ಲ, ಒಬ್ಬ ಮನುಷ್ಯ. 1980ರ ‘ಆಟೋ ರಾಜ’ ಚಿತ್ರದಲ್ಲಿ ಶಂಕರ್ ನಾಗ್ ಆ ಮನುಷ್ಯನಾಗಿ ಕಾಣಿಸಿಕೊಂಡರು. ಅವರು 1990ರಲ್ಲಿ ತೀರಿಕೊಂಡರು. ಇಂದಿಗೂ ಬೆಂಗಳೂರಿನಲ್ಲಿ ಎಷ್ಟೋ ಆಟೋಗಳ ಹಿಂದೆ ಅವರ ಚಿತ್ರ ಇರುತ್ತದೆ. ತಮ್ಮನ್ನು ಮನುಷ್ಯರೆಂದು ತೋರಿಸಿದವರನ್ನು ಆ ಜನ ಮರೆತಿಲ್ಲ.

ಕಳೆದುಹೋದ ಮನುಷ್ಯನನ್ನು ಮತ್ತೆ ಸೇರಿಸುವ ಉಪಾಯ ನಮ್ಮ ಭಾಷೆಯಲ್ಲಿಯೇ ಇದೆ. ಕನ್ನಡದಲ್ಲಿ ನಾವು ‘ರಿಕ್ಷಾದವರು’ ಎನ್ನಬಹುದು, ‘ಕೂಲಿಯವರು’ ಎನ್ನಬಹುದು. ಜಪಾನಿನವರು ಎರಡು ಗೆರೆ ಬರೆದು ತಿಳಿಸುವುದನ್ನು ನಾವು ‘ಅವರು’ ಎಂಬ ಮೂರು ಅಕ್ಷರದಲ್ಲಿ ತಿಳಿಸುತ್ತೇವೆ. ತಮಿಳಿನಲ್ಲಿಯೂ ಹಾಗೆಯೇ: ‘ಆಟೋಕಾರನ್’ ಎಂದರೆ ಒಂದು, ‘ಆಟೋಕಾರರ್’ ಎಂದರೆ ಇನ್ನೊಂದು. ನಕಾರಕ್ಕೂ ರಕಾರಕ್ಕೂ ಇರುವ ಅಂತರ ಎಷ್ಟು ಎಂಬುದು, ಆ ಮಾತನ್ನು ಕೇಳಿಸಿಕೊಳ್ಳುವವರಿಗೆ ಗೊತ್ತು. ಇನ್ನೂ ಸುಲಭವಾದದ್ದು ಬೇಕೆಂದರೆ ‘ಅಣ್ಣಾ’ ಎಂಬುದು ಇದೆ. ಅದು ಎರಡು ಭಾಷೆಗೂ ಒಂದೇ, ಎರವಲು ತರಬೇಕಾಗಿಲ್ಲ.

ನಮ್ಮ ಮರೀನಾ ಕಡಲ ತೀರದಲ್ಲಿ ನಾಲ್ವರು ದುಡಿಮೆಗಾರರು ಬಂಡೆಯೊಂದನ್ನು ಉರುಳಿಸುತ್ತಿರುವ ದೊಡ್ಡ ವಿಗ್ರಹವಿದೆ. ದೇವಿಪ್ರಸಾದ ರಾಯ್ ಚೌಧುರಿಯವರು ಮಾಡಿದ್ದು, 1959ರಲ್ಲಿ ನಿಲ್ಲಿಸಿದ್ದು. ತಮಿಳಿನಲ್ಲಿ ಅದಕ್ಕೆ ‘ಉಳೈಪ್ಪಾಳರ್ ಶಿಲೈ’ ಎನ್ನುತ್ತಾರೆ. ದುಡಿಯುವವರ ವಿಗ್ರಹ ಎಂದು ಅರ್ಥ. ಆ ಹೆಸರಿನ ಕೊನೆಯಲ್ಲಿಯೂ ಗೌರವದ ಆ ರಕಾರ ಇದೆ. ಮುಂದಿನ ರಜೆಯ ದಿನ ವಾಚಕರು ಗಾಳಿ ಸೇವನೆಗೆ ಅತ್ತ ಹೋದಾಗ ಒಂದು ನಿಮಿಷ ನಿಂತು ಆ ನಾಲ್ವರ ತೋಳುಗಳನ್ನೂ ಕಾಲುಗಳನ್ನೂ ನೋಡಬೇಕೆಂದು ಕೋರುತ್ತೇವೆ. ಜಿನ್ ಎಂದರೇನು, ರಿಕಿ ಎಂದರೇನು ಎಂಬುದಕ್ಕೆ ಅಲ್ಲಿ ನಿಘಂಟು ಬೇಕಾಗುವುದಿಲ್ಲ. ಹಿಂದಿರುಗುವಾಗ ಆಟೋ ಹಿಡಿದರೆ, ಬಾಡಿಗೆಯ ಚೌಕಾಶಿ ಧಾರಾಳವಾಗಿ ನಡೆಯಲಿ. ಆದರೆ ಮೊದಲು ‘ಅಣ್ಣಾ’ ಎಂದು ಕರೆದು ಆಮೇಲೆ ನಡೆಯಲಿ.